ಲೇಕ್ ಲೇನಿಯರ್‌ನಲ್ಲಿ ಕ್ರಾಪಿ ಬೇಕಾದರೆ ಡ್ಯಾಮ್ ಹತ್ತಿರ ಹೋಗಬೇಡಿ

ಮೊದಲೇ ಹೇಳಿಬಿಡುತ್ತೇನೆ, ಜಾರ್ಜಿಯಾದಲ್ಲಿ ಕ್ರಾಪಿ ಮೀನಿಗೆ ಲೇನಿಯರ್ ನಂಬರ್ ಒನ್ ಜಾಗ ಅಲ್ಲ. ಬರೀ ಕ್ರಾಪಿ ಸಾಕು, ಕೂಲರ್ ತುಂಬಬೇಕು ಅನ್ನುವವರು ಓಕೋನಿ ಅಥವಾ ವೆಸ್ಟ್ ಪಾಯಿಂಟ್ ಜಲಾಶಯದ ಕಡೆ ಹೋಗಿ. ಇಲ್ಲವೇ ಅಲಬಾಮಾದ ವೀಸ್ ಲೇಕ್‌ಗೆ ಹೋಗಿ, ಅಲ್ಲಿನವರು ಅದನ್ನು ಪ್ರಪಂಚದ ಕ್ರಾಪಿ ರಾಜಧಾನಿ ಅಂತಲೇ ಕರೆದುಕೊಳ್ಳುತ್ತಾರೆ. ಆದರೆ ಅಟ್ಲಾಂಟಾದ ನಮ್ಮ ಕನ್ನಡದವರಲ್ಲಿ ತುಂಬಾ ಜನ ಇರುವುದು ಕಮ್ಮಿಂಗ್, ಆಲ್ಫರೆಟ್ಟಾ, ಜಾನ್ಸ್ ಕ್ರೀಕ್, ಸುವಾನಿ ಸುತ್ತಮುತ್ತ. ಬೆಳಿಗ್ಗೆ ಕಾಫಿ ಕುಡಿದು ಹೊರಟು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದಾದ ದೊಡ್ಡ ನೀರು ಅಂದರೆ ಇದು. ಸರಿಯಾದ ಜಾಗ, ಸರಿಯಾದ ತಿಂಗಳು ನೋಡಿಕೊಂಡು ಹೋದರೆ ಕ್ರಾಪಿಯೂ ಸಿಗುತ್ತದೆ.

ಜಾಗದ ವಿಷಯವೇ ಮುಖ್ಯ. ಚಾಟಾಹೂಚಿ ನದಿಗೆ 1950ರ ದಶಕದಲ್ಲಿ ಬ್ಯೂಫರ್ಡ್ ಡ್ಯಾಮ್ ಕಟ್ಟಿದಾಗ ಆದ ಜಲಾಶಯ ಇದು, ಸುಮಾರು 38,000 ಎಕರೆ. ಡ್ಯಾಮ್ ಹತ್ತಿರ ಆಳ 150 ಅಡಿ ದಾಟುತ್ತದೆ, ನೀರು ತಿಳಿಯಾಗಿರುತ್ತದೆ. ಆ ತಿಳಿ ನೀರು, ಆ ಆಳ ಎರಡೂ ಇಲ್ಲಿಯ ಬೇರೆ ಬೇಟೆ ಮೀನುಗಳಾದ ಸ್ಪಾಟೆಡ್ ಬಾಸ್‌ಗೆ, ಸ್ಟ್ರೈಪರ್‌ಗೆ ಹೇಳಿಮಾಡಿಸಿದ ಹಾಗಿವೆ. ಕ್ರಾಪಿಗೆ ಬೇಕಾಗಿರುವುದು ಸ್ವಲ್ಪ ಕದಡಿದ ನೀರು, ಮುಳುಗಿದ ಕೊಂಬೆ ರೆಂಬೆ, ನೆರಳು. ಅದೆಲ್ಲ ಇರುವುದು ನದಿ ಬಂದು ಸೇರುವ ಉತ್ತರದ ಕಡೆ. ಚೆಸ್ಟಟೀ ನದಿಯ ತೋಳು (ಅಂದರೆ ಜಲಾಶಯದ ಕವಲು), ಗೇನ್ಸ್‌ವಿಲ್ ಮೇಲಿನ ಚಾಟಾಹೂಚಿ ತೋಳು, ವಾಹೂ ಕ್ರೀಕ್, ಲಿಟ್ಲ್ ರಿವರ್, ಇವು ನೋಡಬೇಕಾದ ಜಾಗಗಳು. ಮಳೆಯ ಕೆಮ್ಮಣ್ಣು ಮೊದಲು ಅಲ್ಲಿಗೇ ಬರುತ್ತದೆ, ವಸಂತದಲ್ಲಿ ನೀರು ಮೊದಲು ಬೆಚ್ಚಗಾಗುವುದೂ ಅಲ್ಲೇ.

ನಾವು ಮಾರ್ಚ್ ಕೊನೆಯಲ್ಲಿ ಡಾನ್ ಕಾರ್ಟರ್ ಸ್ಟೇಟ್ ಪಾರ್ಕ್‌ನಿಂದ ಬೋಟು ಇಳಿಸಿದೆವು. 2013ರಲ್ಲಿ ಶುರುವಾದ ಪಾರ್ಕ್, ಬೋಟ್ ರ‍್ಯಾಂಪ್ ಚೆನ್ನಾಗಿದೆ, ಕಾಟೇಜ್ ಕೂಡ ಇವೆ, ಹಾಗಾಗಿ ಮೀನು ಬೇಡ ಅನ್ನುವ ಮನೆಯವರನ್ನೂ ಕರೆದುಕೊಂಡು ಹೋಗಬಹುದು. ಬೆಳಿಗ್ಗೆ ನೀರಿನ ಉಷ್ಣತೆ 57 ಡಿಗ್ರಿ ಫ್ಯಾರನ್‌ಹೀಟ್ ಇತ್ತು, ಒಂದು ಮೀನೂ ಕಚ್ಚಲಿಲ್ಲ. ಹನ್ನೊಂದರ ಮೇಲೆ ಬಿಸಿಲು ಬಿದ್ದ ಒಂದು ಸಣ್ಣ ಕೊಲ್ಲಿಯ ಒಳಗೆ 60 ದಾಟಿದ ಕಡೆ, ದಡದಿಂದ ನೀರಿಗೆ ಬಿದ್ದಿದ್ದ ಮರದ ಸುತ್ತ ಒಂದರ ಹಿಂದೆ ಒಂದು ಬಂತು. ಕ್ರಾಪಿ ಮೊಟ್ಟೆ ಇಡಲು ದಡಕ್ಕೆ ಬರುವುದು ನೀರು 60ರಿಂದ 65 ಡಿಗ್ರಿ ಆದಾಗ. ಆದ್ದರಿಂದ ಕ್ಯಾಲೆಂಡರ್‌ಗಿಂತ ಥರ್ಮಾಮೀಟರ್ ನಂಬಿ. ಮಾರ್ಚ್ ಮಧ್ಯದಿಂದ ಏಪ್ರಿಲ್ ಕೊನೆ ತನಕ ಒಳ್ಳೆಯ ಸಮಯ, ಅದರಲ್ಲೂ ಎರಡು ಮೂರು ದಿನ ಸತತ ಬಿಸಿಲು ಕಾದ ಮೇಲೆ. ರಾತ್ರಿ ಚಳಿ ಬಿದ್ದು ಉತ್ತರದ ಗಾಳಿ ಬಂದರೆ ಮತ್ತೆ ಆಳಕ್ಕೆ ಇಳಿದುಬಿಡುತ್ತವೆ.

ಸಾಮಾನು ಜಾಸ್ತಿ ಬೇಕಿಲ್ಲ. ತೆಳು ರಾಡ್, 4 ಅಥವಾ 6 ಪೌಂಡ್ ಭಾರ ತಡೆಯುವ ದಾರ, ಔನ್ಸ್‌ನ ಹದಿನಾರನೇ ಒಂದು ಭಾಗ ತೂಕದ ಜಿಗ್ (ತಲೆಗೆ ತೂಕದ ಗುಂಡಿರುವ ಕೃತಕ ಎರೆ) ಸಾಕು. ಕದಡಿದ ನೀರಿದ್ದರೆ ಹಳದಿ ಹಸಿರು ಬಣ್ಣದ್ದು, ತಿಳಿ ಇದ್ದರೆ ಬಿಳಿ ಅಥವಾ ಬೂದು. ಮಕ್ಕಳು ಜೊತೆಗಿದ್ದರೆ ಜಿಗ್ ತಂಟೆಯೇ ಬೇಡ, ಬೆಂಡು ಕಟ್ಟಿ ಜೀವಂತ ಮಿನ್ನೋ ಮೀನು ಹಾಕಿ, ಬೆಂಡು ಮುಳುಗುವುದನ್ನು ನೋಡುವುದೇ ಅವರಿಗೆ ಮಜಾ. ಒಂದು ವಿಷಯ ನೆನಪಿಡಿ: ಕ್ರಾಪಿಯ ಕಣ್ಣು ಮೇಲಕ್ಕೆ ನೋಡುತ್ತದೆ, ತನ್ನ ಕೆಳಗೆ ಹೋದ ಎರೆಯನ್ನು ಅದು ಗಮನಿಸುವುದು ಕಡಿಮೆ. ಮೀನು 8 ಅಡಿಯಲ್ಲಿದ್ದರೆ ಎರೆ 6 ಅಡಿಯಲ್ಲಿರಲಿ. ಮತ್ತೆ ಕಚ್ಚಿದ ತಕ್ಷಣ ಜೋರಾಗಿ ಎಳೆಯಬೇಡಿ, ಅದರ ಬಾಯಿ ಹಪ್ಪಳದಷ್ಟು ತೆಳು, ಹರಿದು ಹೋಗುತ್ತದೆ. ನಿಧಾನಕ್ಕೆ ಎತ್ತಿ ಬಲೆ ಹಾಕಿ.

ಮೇ ನಂತರ ಲೆಕ್ಕ ಬದಲು. ಮೀನು ದಡ ಬಿಟ್ಟು ಖಾಸಗಿ ಡಾಕ್‌ಗಳ (ದಡದ ಮನೆಯವರ ದೋಣಿಕಟ್ಟೆಗಳ) ನೆರಳಿಗೆ, 15–20 ಅಡಿ ಆಳದಲ್ಲಿ ಮುಳುಗಿಸಿಟ್ಟ ಪೊದೆಗಳಿಗೆ ಹೋಗುತ್ತದೆ. ಆಗ ಇಲ್ಲಿಯವರು ಜಿಗ್ ಅನ್ನು ಬೆರಳಲ್ಲಿ ಹಿಡಿದು, ರಾಡ್ ಬಿಲ್ಲಿನ ಹಾಗೆ ಬಗ್ಗಿಸಿ, ಡಾಕ್ ಅಡಿಯ ಕತ್ತಲೆಗೆ ಹಾರಿಸುತ್ತಾರೆ. ನೋಡಲು ಸುಲಭ, ಮಾಡಲು ಅಲ್ಲ. ಗಾಳದ ಮೊನೆ ಬೆರಳಿನ ಕಡೆ ಇರದ ಹಾಗೆ ಹಿಡಿಯಿರಿ, ಮನೆಯಲ್ಲೇ ಅಂಗಳದಲ್ಲಿ ಅಭ್ಯಾಸ ಮಾಡಿ ಹೋಗಿ. ನೀರು ಎಲ್ಲರದ್ದು, ಆದರೆ ಡಾಕ್ ಯಾರದ್ದೋ, ಅದರ ಮೇಲೆ ಹತ್ತಬೇಡಿ, ಅಲ್ಲಿ ಮನೆಯವರು ಕೂತಿದ್ದರೆ ಮುಂದಿನದಕ್ಕೆ ಹೋಗಿ. ಡಾಕ್ ಬೇಡ ಅನ್ನುವವರಿಗೆ ರಾಜ್ಯದ ಮೀನುಗಾರಿಕೆ ಇಲಾಖೆ ಮುಳುಗಿಸಿಟ್ಟ ಪೊದೆಗಳ ನಕ್ಷೆ ಇದೆ, ಹುಡುಕಿ ಫೋನಿಗೆ ಹಾಕಿಕೊಳ್ಳಿ. ಲೈವ್‌ಸ್ಕೋಪ್ (ನೀರೊಳಗಿನ ಮೀನನ್ನು ತೆರೆಯಲ್ಲಿ ತೋರಿಸುವ ಸೋನಾರ್) ಇಲ್ಲದೆ ಕ್ರಾಪಿ ಸಿಗಲ್ಲ ಅನ್ನುವವರ ಮಾತು ಕೇಳಬೇಡಿ. ವರ್ಷಕ್ಕೆ ನಾಲ್ಕು ಸಲ ಹೋಗುವವರಿಗೆ ಅಷ್ಟು ದುಡ್ಡಿನ ಯಂತ್ರ ಯಾಕೆ?

ಇನ್ನು ಬೇರೆ ಮೀನುಗಳು. ಕ್ರಾಪಿಗೆ ಹಾಕಿದ ಜಿಗ್‌ಗೆ ಸ್ಪಾಟೆಡ್ ಬಾಸ್ ಬಂದು ಕಚ್ಚುವುದು ಇಲ್ಲಿ ಮಾಮೂಲು. ನನ್ನ ಭಾವನ ರಾಡ್‌ಗೆ ಅಂಥದ್ದೇ ಏನೋ ಬಿದ್ದು, ಆತ ಏನಾಯಿತು ಅಂತ ನೋಡುವಷ್ಟರಲ್ಲಿ ಮರದ ಕೆಳಗೆ ನುಗ್ಗಿ ದಾರ ಕತ್ತರಿಸಿಕೊಂಡು ಹೋಯಿತು. ರೀಲ್‌ನ ಡ್ರ್ಯಾಗ್ (ದಾರ ಬಿಡುವ ಬಿಗಿ) ಸಡಿಲವಾಗಿಡಿ ಅಂತ ಹೇಳುವುದು ಅದಕ್ಕೇ. ಸ್ಟ್ರೈಪರ್ ಇನ್ನೂ ದೊಡ್ಡದು. ಅದು ಇಲ್ಲಿ ತಾನಾಗಿ ಮರಿ ಮಾಡುವುದಿಲ್ಲ, ಮೊಟ್ಟೆ ತೇಲಿಕೊಂಡು ಹೋಗಲು ಉದ್ದದ ಹರಿಯುವ ನದಿ ಬೇಕು, ಹಾಗಾಗಿ ಇಲಾಖೆಯೇ ಮರಿ ತಂದು ಬಿಡುತ್ತದೆ. ಬೇಸಿಗೆಯಲ್ಲಿ ಅವು ತಣ್ಣನೆ ನೀರು ಹುಡುಕಿ ಡ್ಯಾಮ್ ಕಡೆಯ ಆಳಕ್ಕೆ ಸೇರುತ್ತವೆ. ಜುಲೈನಲ್ಲಿ ಹೋಗುವ ಪ್ಲಾನ್ ಇದ್ದರೆ ನನ್ನ ಸಲಹೆ, ಕ್ರಾಪಿ ಆಸೆ ಬಿಟ್ಟು ಗೈಡ್ ಒಬ್ಬರನ್ನು ಹಿಡಿದು ಸ್ಟ್ರೈಪರ್‌ಗೇ ಹೋಗಿ. ಬೇಸಿಗೆಯ ಶನಿವಾರ ಭಾನುವಾರ ಮಾತ್ರ ಬೇಡವೇ ಬೇಡ. ಬೋಟುಗಳ ಅಲೆಗೆ ಸಣ್ಣ ದೋಣಿ ನಿಲ್ಲುವುದಿಲ್ಲ.

ಸುರಕ್ಷತೆ ಬಗ್ಗೆ ಸುಮ್ನೆ ಹೆದರಿಸುತ್ತಿಲ್ಲ. ಲೇನಿಯರ್‌ನಲ್ಲಿ ಪ್ರತಿವರ್ಷ ಜನ ಮುಳುಗಿ ಸಾಯುತ್ತಾರೆ. ದಡ ಕೆಲವು ಕಡೆ ಎರಡು ಹೆಜ್ಜೆಗೆ ಆಳವಾಗಿಬಿಡುತ್ತದೆ, ಕೆಳಗೆ ಹಳೆಯ ಮರಗಳು ಇನ್ನೂ ನಿಂತಿವೆ. ಓಡುತ್ತಿರುವ ಬೋಟಿನಲ್ಲಿ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ಹಾಕಲೇಬೇಕು, ಅದು ಕಾನೂನು. ದೊಡ್ಡವರೂ ಹಾಕಿಕೊಳ್ಳಿ, ಮಾರ್ಚ್‌ನ ನೀರು ಕೈಕಾಲು ಮರಗಟ್ಟಿಸುವಷ್ಟು ತಣ್ಣಗಿರುತ್ತದೆ. ಜಲಾಶಯ ತುಂಬಿದಾಗಿನ ಮಟ್ಟ ಸಮುದ್ರಮಟ್ಟದಿಂದ 1071 ಅಡಿ. ಹೊರಡುವ ಮುಂಚೆ ಅವತ್ತಿನ ಮಟ್ಟ ನೋಡಿ, ಐದಾರು ಅಡಿ ಇಳಿದಿದ್ದರೆ ಮೇಲಿನ ತೋಳುಗಳಲ್ಲಿ ಬೋಟು ನಿಧಾನ ಓಡಿಸಿ.

16 ತುಂಬಿದ ಎಲ್ಲರಿಗೂ ಲೈಸೆನ್ಸ್ ಬೇಕು, ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ಜಾರ್ಜಿಯಾದಲ್ಲಿ ಒಬ್ಬರಿಗೆ ದಿನಕ್ಕೆ 30 ಕ್ರಾಪಿ ಮಿತಿ. ಮಿತಿ ಇದೆ ಅಂತ ಅಷ್ಟೂ ತರಬೇಡಿ, ಕ್ಲೀನ್ ಮಾಡುವವರು ಯಾರು? ಹತ್ತು ಇಂಚಿಗಿಂತ ಚಿಕ್ಕದನ್ನು ನಾವು ವಾಪಸ್ ಬಿಟ್ಟೆವು, ಅದರಲ್ಲಿ ಮಾಂಸ ಏನೂ ಇರುವುದಿಲ್ಲ. ಹಿಡಿದದ್ದನ್ನು ತಕ್ಷಣ ಐಸ್‌ಗೆ ಹಾಕಿ. ಬಿಳಿ ಮಾಂಸ, ಮೀನಿನ ವಾಸನೆ ಕಡಿಮೆ, ಮುಳ್ಳು ತೆಗೆದ ತುಂಡಿಗೆ ಖಾರದ ಪುಡಿ, ಅರಿಶಿನ, ನಿಂಬೆರಸ ಹಚ್ಚಿ ರವೆಯಲ್ಲಿ ಹೊರಳಿಸಿ ಹುರಿದರೆ ಬಂಗುಡೆ ಇಲ್ಲದ ಊರಲ್ಲಿ ಇದಕ್ಕಿಂತ ಬೇರೆ ಬೇಡ. ತೆಳು ತುಂಡು, ಒಂದೊಂದು ಕಡೆ ಎರಡು ನಿಮಿಷ ಸಾಕು, ಜಾಸ್ತಿ ಬಿಟ್ಟರೆ ಪುಡಿಪುಡಿ ಆಗುತ್ತದೆ.