ಪಡ್ಡು ಹೆಂಚು ಹೊತ್ಕೊಂಡು ಬಿಯರ್ ಕುಡಿಯೋಕೆ ಹೋಗಿದ್ದು

ಮುಂದಿನ ತಿಂಗಳು ನಾದಿನಿ ಮಗೂಗೆ ನಾಮಕರಣ. ಅದಕ್ಕೆ ಅತ್ತೆ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಒಂದು ಲಿಸ್ಟ್ ಬರೆದುಕೊಟ್ರು. ಬ್ಲೌಸ್ ಪೀಸ್ ಇಪ್ಪತ್ತೈದು, ಸೀರೆಗೆ ಹಚ್ಚೋ ಲೇಸು ಆರು ಮೀಟರ್ (ಬಣ್ಣಕ್ಕೆ ಸ್ಯಾಂಪಲ್ ಬಟ್ಟೆ ಪಿನ್ ಮಾಡಿದ್ರು), ಸಾರಿನ ಪುಡಿಗೆ ಕೊತ್ತಂಬರಿ ಬೀಜ ಎರಡು ಕೆಜಿ, ಬ್ಯಾಡಗಿ ಮೆಣಸಿನಕಾಯಿ ಒಂದು ಕೆಜಿ, ಕೊನೇಲಿ ದಪ್ಪ ಅಕ್ಷರದಲ್ಲಿ, ಬೀಡಿನ ಪಡ್ಡು ಹೆಂಚು, ನಾನ್‌ಸ್ಟಿಕ್ ಬೇಡ. ನಾನೂ ನನ್ನ ಓರಗಿತ್ತೀನೂ ಲಿಸ್ಟ್ ನೋಡಿ ಒಬ್ರ ಮುಖ ಒಬ್ರು ನೋಡ್ಕೊಂಡ್ವಿ. ಪೇಟೆಗೆ ಒಂದು ಇಡೀ ದಿನ ಬೇಕು ಅತ್ತೆ, ಶನಿವಾರ ಹೋಗ್ತೀವಿ, ಸಾಯಂಕಾಲ ಆಗುತ್ತೆ ಅಂದ್ವಿ. ಸುಳ್ಳೇನೂ ಅಲ್ಲ, ಅಲ್ವಾ.

ಭಾನುವಾರ ಯಾಕಿಲ್ಲ ಅಂದ್ರೆ ಚಿಕ್ಕಪೇಟೇಲಿ ಸುಮಾರು ಅಂಗಡಿ ಭಾನುವಾರ ಬಾಗಿಲು ಹಾಕಿರುತ್ತೆ, ಹೋಗಿ ಮೂತಿ ಸೊಟ್ಟ ಮಾಡ್ಕೊಂಡು ವಾಪಸ್ ಬರ್ಬೇಕು, ನಂಗೆ ಆಗಿದೆ. ಕಾರಂತೂ ಆ ಕಡೆ ತರೋದೇ ಬೇಡ. ಬನಶಂಕರೀಲಿ ಮೆಟ್ರೋ ಹಸಿರು ಲೈನ್ ಹತ್ತಿದ್ರೆ ಸೀದಾ ಚಿಕ್ಕಪೇಟೆ ಸ್ಟೇಷನ್, ನೆಲದ ಕೆಳಗಿಂದ ಮೇಲಕ್ಕೆ ಬಂದ್ರೆ ಗಲಾಟೆ ಮಧ್ಯಾನೇ ತಲೆ ಎತ್ತೋದು. ಜೊತೆಗೆ ಸಾಯಂಕಾಲದ ನಮ್ಮ ಪ್ಲ್ಯಾನಿಗೂ ಗಾಡಿ ಇಲ್ದೇ ಇರೋದೇ ಒಳ್ಳೇದು.

ಬ್ಲೌಸ್ ಪೀಸ್ ಅರ್ಧ ಗಂಟೇಲಿ ಮುಗೀತು. ತಾಂಬೂಲಕ್ಕೆ ಕೊಡೋ ಬ್ಲೌಸ್ ಪೀಸ್ ಯಾರೂ ಹೊಲಿಸಲ್ಲ, ಮನೆಯಿಂದ ಮನೆಗೆ ಸುತ್ತುತ್ತಾ ಇರುತ್ತೆ, ನಾನು ಕೊಟ್ಟಿದ್ದೇ ನಂಗೆ ವಾಪಸ್ ಬಂದಿದ್ದೂ ಇದೆ, ಅದಕ್ಕೆ ಜಾಸ್ತಿ ತಲೆ ಕೆಡಿಸ್ಕೊಳ್ಳಲಿಲ್ಲ. ಲೇಸಿಗೆ ಮಾತ್ರ ಅವೆನ್ಯೂ ರೋಡಿನ ರಾಜಾ ಮಾರ್ಕೆಟ್ ಒಳಗೆ ಹೊಕ್ಕು ಹೊರಗೆ ಬರೋಕೆ ಒಂದು ಗಂಟೆ. ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ನವಿಲು ಬಣ್ಣಾನೂ ಒಂದೇ ಥರ ಕಾಣ್ಸುತ್ತೆ. ಇದೇ ಇದೇ ಅಂತ ಓರಗಿತ್ತಿ ಆರು ಮೀಟರ್ ಕಟ್ ಮಾಡಿಸಿಬಿಟ್ಟಳು. ಆಮೇಲೆ ಬಳೇಪೇಟೆ ಉಡುಪಿ ಶ್ರೀಕೃಷ್ಣ ಭವನದಲ್ಲಿ ಸಾಗು ಮಸಾಲೆ ದೋಸೆ, ಒಳಗೆ ಆಲೂಗಡ್ಡೆ ಪಲ್ಯದ ಬದಲು ಸಾಗು ಇರುತ್ತಲ್ಲ ಅದು. ಖಾಲಿ ಹೊಟ್ಟೇಲಿ ಮುಂದಿನ ಕೆಲಸಕ್ಕೆ ಹೋಗಬಾರದು ಅನ್ನೋದು ನಮ್ಮ ನಿಯಮ.

ತರಗುಪೇಟೆ ನಂಗೆ ತುಂಬಾ ಇಷ್ಟ. ಬಟ್ಟೆ ಅಂಗಡಿ ಎಲ್ಲಾ ಊರಲ್ಲೂ ಸಿಗುತ್ತೆ, ಆದ್ರೆ ಮೂಟೆ ಬಾಯಿ ಬಿಚ್ಚಿಟ್ಕೊಂಡು ಕೂತಿರೋ ಈ ಬೀದಿ, ಕಾಲಿಟ್ಟ ತಕ್ಷಣ ಸೀನು ಬರೋ ಮೆಣಸಿನಕಾಯಿ ಘಾಟು, ಕೈಗಾಡಿಯವರು ಸೈಡ್ ಸೈಡ್ ಅಂತ ಕೂಗೋದು, ಇದೆಲ್ಲಾ ಮಾಲ್‌ನಲ್ಲಿ ಎಲ್ಲಿ ಸಿಗುತ್ತೆ. ಬ್ಯಾಡಗಿ ಕೇಳಿದ್ರೆ ಡಬ್ಬೀನಾ ಕಡ್ಡೀನಾ ಅಂದ್ರು. ಡಬ್ಬಿ ಅಂದ್ರೆ ದಪ್ಪಗೆ ಗಿಡ್ಡಗೆ ಇರೋದು, ಕಡ್ಡಿ ಸಪೂರ ಉದ್ದ. ಖಾರ ಬೇಕಿದ್ರೆ ಗುಂಟೂರು ತಗೊಳಿ, ಇದು ಬಣ್ಣಕ್ಕೆ ಅಂತ ಅಂಗಡಿಯವರೇ ಹೇಳಿದ್ರು. ಕೊತ್ತಂಬರಿ ಬೀಜಕ್ಕೆ ಅತ್ತೆ ಹೇಳಿಕೊಟ್ಟ ಪರೀಕ್ಷೆ ಒಂದಿದೆ, ನಾಲ್ಕು ಕಾಳು ಅಂಗೈಲಿ ಇಟ್ಕೊಂಡು ಹೆಬ್ಬೆರಳಲ್ಲಿ ಒತ್ತಿ ಒಡೆದು ಮೂಸಬೇಕು. ಹಳೇ ಮಾಲಾದ್ರೆ ಹೊಟ್ಟಿನ ವಾಸನೆ. ಹೊಸದಾದ್ರೆ ಕಿತ್ತಳೆ ಸಿಪ್ಪೆ ಹಿಂಡಿದ ಹಾಗೆ ಘಂ ಅನ್ನುತ್ತೆ. ಮೂರನೇ ಅಂಗಡೀಲಿ ಆ ವಾಸನೆ ಸಿಕ್ತು, ಎರಡು ಕೆಜಿ ಕಟ್ಟಿಸಿದ್ವಿ.

ಹೆಂಚು ಮಾರ್ಕೆಟ್ ಹತ್ರ ರಸ್ತೆ ಬದೀಲಿ ಸಿಕ್ತು. ಅಬ್ಬಾ ಏನ್ ಭಾರ. ಮೊದ್ಲೇ ತಗೊಂಡಿದ್ರೆ ನನ್ ಭುಜ ಕಳಚಿ ಬೀಳ್ತಿತ್ತು. ಪೇಪರ್ ಸುತ್ತಿ ನನ್ನ ಬ್ಯಾಗಿಗೆ, ಯಾಕಂದ್ರೆ ಓರಗಿತ್ತಿ ಬ್ಯಾಗಲ್ಲಿ ಮೆಣಸಿನಕಾಯಿ ಇತ್ತಂತೆ, ನುಜ್ಜುಗುಜ್ಜಾಗುತ್ತಂತೆ.

ಎರಡು ಗಂಟೆ ಅಷ್ಟೊತ್ತಿಗೆ ಲಿಸ್ಟಲ್ಲಿ ಎಲ್ಲದಕ್ಕೂ ಗೀಟು ಬಿದ್ದಿತ್ತು. ಕೆ.ಆರ್. ಮಾರ್ಕೆಟ್ ಸ್ಟೇಷನ್ನಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದು ಮನೆ ಕಡೆ ಅಲ್ಲದೇ ನೇರಳೆ ಲೈನಿಗೆ ಹೋದ್ವಿ. ಕಬ್ಬನ್ ಪಾರ್ಕ್ ದಾಟಿದ ಮೇಲೆ ರೈಲು ಕತ್ತಲಿಂದ ಮೇಲಕ್ಕೆ ಬಂದು ಇದ್ದಕ್ಕಿದ್ದ ಹಾಗೆ ಬಿಸಿಲು, ಮರ, ಎಂ.ಜಿ. ರೋಡ್, ಆ ಕ್ಷಣಕ್ಕೆ ನಂಗೆ ಪ್ರತೀ ಸಲಾನೂ ಬೇರೆ ಊರಿಗೆ ಬಂದ ಹಾಗೆ ಅನ್ಸುತ್ತೆ. ಇಂದಿರಾನಗರದಲ್ಲಿ ಇಳಿದ್ವಿ. ನಾವು ಹೊರಟಿದ್ದು ಟಾಯ್ಟ್ ಅನ್ನೋ ಬ್ರೂವರಿ ಪಬ್‌ಗೆ, ಸ್ಟೇಷನ್ನಿಂದ ನಡೆಯೋ ದೂರಾನೇ. 2010ರಿಂದ ಇದೆ, ನಾನು ಮೊದಲ ಸಲ ಹೋದಾಗ ಮದುವೆ ಆಗಿರಲಿಲ್ಲ, ಬೆಂಗಳೂರಲ್ಲಿ ಅಂಗಡೀಲೇ ಬಿಯರ್ ಮಾಡಿ ಅಲ್ಲೇ ಕೊಡ್ತಾರಂತೆ ಅನ್ನೋದೇ ಆಗ ದೊಡ್ಡ ಸುದ್ದಿ. ಈಗ ಗಲ್ಲಿಗೊಂದು ಬ್ರೂವರಿ.

ಬಾಗಿಲಲ್ಲಿ ಸೆಕ್ಯುರಿಟಿ ಅಣ್ಣ ಬ್ಯಾಗ್ ಎತ್ತಿ ನೋಡಿ ಏನ್ ಮೇಡಂ ಇದು ಕಬ್ಬಿಣ ಅಂದ್ರು. ಪಡ್ಡು ಹೆಂಚು ಅಂದೆ. ಬಿಚ್ಚಿ ತೋರಿಸಿದೆ, ಏಳು ಗುಳಿ. ಎಷ್ಟಕ್ಕೆ ಕೊಟ್ರು ಅಂತ ಕೇಳಿ ಅವರು ಒಳಗೆ ಬಿಟ್ರು.

ಶನಿವಾರ ಸಾಯಂಕಾಲ ಕಾಲಿಡೋಕೆ ಜಾಗ ಇರಲ್ಲ, ಮೂರು ಗಂಟೆ ಒಳಗೆ ಹೋದ್ರೆ ಆರಾಮ. ಓರಗಿತ್ತಿಗೆ ಇದು ಹೊಸದು, ಅವಳಿಗೆ ಬಿಯರ್ ಅಂದ್ರೆ ಮಾವನ ಕಿಂಗ್‌ಫಿಷರ್ ಬಾಟ್ಲಿ ಅಷ್ಟೇ. ಅದಕ್ಕೆ ಸಣ್ಣ ಸಣ್ಣ ಗ್ಲಾಸಲ್ಲಿ ಎಲ್ಲದರ ರುಚಿ ನೋಡೋ ಸ್ಯಾಂಪ್ಲರ್ ಹೇಳಿದ್ವಿ. ಮೊದಲು ವೈಸ್, ಗೋಧಿ ಬಿಯರ್. ಕುಡಿದವಳೇ ಇದಕ್ಕೆ ಬಾಳೆಹಣ್ಣು ಹಾಕಿದಾರೆ ಅಂದ್ಲು. ಇಲ್ಲ ಕಣೇ, ಅದು ಯೀಸ್ಟ್ ಮಾಡೋ ಕೆಲಸ, ಈ ಜಾತಿ ಯೀಸ್ಟ್ ಹುದುಗುವಾಗ ಬಾಳೆಹಣ್ಣು ಲವಂಗದ ವಾಸನೆ ತಾನೇ ಹುಟ್ಟಿಸುತ್ತೆ ಅಂದ್ರೆ ನಂಬಲೇ ಇಲ್ಲ, ಸರ್ವ್ ಮಾಡೋ ಹುಡುಗನ್ನ ಕರೆದು ಕೇಳಿ ಕನ್ಫರ್ಮ್ ಮಾಡ್ಕೊಂಡ್ಲು. ಕಪ್ಪು ಬಿಯರಲ್ಲಿ ಕಾಫಿ ಇಲ್ಲ, ಹುರಿದ ಬಾರ್ಲಿ ಅಂತ ಹೇಳಿದಾಗ ಮಾತ್ರ ಅದು ನಮ್ಮ ಕಾಫಿ ಪುಡಿ ಹುರಿಯೋ ಹಾಗೇ ತಾನೇ ಅಂತ ಒಪ್ಕೊಂಡ್ಲು. ಐಪಿಎ, ಅಂದ್ರೆ ಇಂಡಿಯಾ ಪೇಲ್ ಏಲ್ ಅನ್ನೋ ಕಹಿ ಬಿಯರ್, ಒಂದು ಗುಟುಕಿಗೇ ನನ್ನ ಕಡೆ ತಳ್ಳಿದ್ಲು, ಹಾಗಲಕಾಯಿ ನೆನೆಸಿದ ನೀರಂತೆ. ನಂಗೆ ಅದೇ ಇಷ್ಟ, ಬಿಯರಿಗೆ ಹಾಕೋ ಹಾಪ್ಸ್ ಹೂವಿನ ಆ ಕಹಿ, ಸೋ ಲಾಭ ನಂದೇ. ಬಾಸ್ಮತಿ ಬ್ಲಾಂಡ್ ಅಂತ ಒಂದಿದೆ, ಹೆಸರೇ ಹೇಳೋ ಹಾಗೆ ಬಾಸ್ಮತಿ ಅಕ್ಕಿ ಹಾಕಿ ಮಾಡೋದು, ತಿಳೀಗಿರುತ್ತೆ, ಅಕ್ಕಿ ಬಿದ್ರೆ ಬಿಯರ್ ಹಗುರ ಆಗುತ್ತೆ. ಸೋನಾ ಮಸೂರಿ ಹಾಕಿದ್ರೆ ರೇಟ್ ಕಮ್ಮಿ ಆಗ್ತಿತ್ತೇನೋ ಅಂದ್ಲು.

ಆಮೇಲೆ ಟಿನ್‌ಟಿನ್ ಟಾಯ್ಟ್. ಬೆಲ್ಜಿಯಂ ಕಡೆ ವಿಟ್ ಬಿಯರ್, ಇದೂ ಗೋಧೀದೇ, ಸ್ವಲ್ಪ ಮಬ್ಬು ಮಬ್ಬಾಗಿ ಗಂಜಿ ತಿಳಿ ಥರ ಕಾಣುತ್ತೆ. ಗ್ಲಾಸ್ ಮೂಗಿನ ಹತ್ರ ತಗೊಂಡವಳು ಹಾಗೇ ನಿಲ್ಲಿಸಿ, ಅಕ್ಕಾ ಇದು ನಮ್ ಬ್ಯಾಗಿನ ವಾಸನೆ ಅಂದ್ಲು. ಹೌದು! ಈ ಥರ ಬಿಯರಿಗೆ ಕೊತ್ತಂಬರಿ ಬೀಜ ಮತ್ತೆ ಕಿತ್ತಳೆ ಸಿಪ್ಪೇನೇ ಹಾಕೋದು. ನಾನು ಇದನ್ನ ಎಷ್ಟು ಸಲ ಕುಡಿದಿದೀನೋ, ಮೆನುಲೂ ಓದಿದೀನಿ, ಆದ್ರೆ ಎರಡು ಕೆಜಿ ಧನಿಯಾ ತೊಡೆ ಮೇಲೆ ಇಟ್ಕೊಂಡು ಯಾವತ್ತೂ ಕುಡಿದಿರಲಿಲ್ಲ. ಪೊಟ್ಟಣ ಬಿಚ್ಚಿ ನಾಲ್ಕು ಕಾಳು ತೆಗೆದು ಟೇಬಲ್ ಮೇಲೇ ಒತ್ತಿ ಒಡೆದು, ಒಂದ್ಸಲ ಅಂಗೈ ಮೂಸೋದು, ಒಂದ್ಸಲ ಗ್ಲಾಸ್ ಮೂಸೋದು. ಪಕ್ಕದ ಟೇಬಲ್ ಹುಡುಗರು ನಮ್ಮನ್ನ ಏನಂದ್ಕೊಂಡ್ರೋ.

ಬ್ರೂ ಮಾಡೋರು ಇದನ್ನ ಹುರಿಯಲ್ಲ, ಜಜ್ಜಿ ಕುದಿಯೋದು ಮುಗಿಯೋ ಹೊತ್ತಿಗೆ ಹಾಕ್ತಾರೆ, ಮೊದಲೇ ಹಾಕಿದ್ರೆ ಘಮ ಎಲ್ಲಾ ಆವಿ ಜೊತೆ ಹೋಗಿಬಿಡುತ್ತೆ. ಇದನ್ನ ಹೇಳ್ತಾ ಇದ್ದ ಹಾಗೇ ಇಬ್ರಿಗೂ ಒಟ್ಟಿಗೆ ಅತ್ತೆ ನೆನಪಾದ್ರು. ಸಾರಿನ ಪುಡಿ ಹಾಕಿದ ಮೇಲೆ ಕುದಿಸ್ತಾ ಕೂತ್ಕೋಬೇಡಿ ಅಂತ ದಿನಾ ಬೈಸ್ಕೊಳ್ಳೋದು ಇದಕ್ಕೇ ತಾನೇ.

ಅದನ್ನೇ ಇಬ್ರೂ ಒಂದೊಂದು ದೊಡ್ಡ ಗ್ಲಾಸ್ ಹೇಳಿ, ನೀರು ಕುಡಿದು, ಸೋಂಪು ತಿಂದು, ಐದೂವರೆ ರೈಲಲ್ಲಿ ಹೆಂಚು ಕಾಲ ಮೇಲೆ ಇಟ್ಕೊಂಡು ವಾಪಸ್.

ಮನೇಲಿ ಅತ್ತೆ ಪೇಪರ್ ಹಾಸಿ ಎಲ್ಲಾ ಹರವಿ ಚೆಕ್ ಮಾಡಿದ್ರು. ಹೆಂಚು ಪಾಸ್. ಮೆಣಸಿನಕಾಯಿ ಪಾಸ್. ಕೊತ್ತಂಬರಿ ಬೀಜ ಒಡೆದು ಮೂಸಿ, ಮೊದಲ ಕ್ಲಾಸ್ ಮಾಲು ಅಂದ್ರು. ಆಮೇಲೆ ನಮ್ಮ ಕಡೆ ತಿರುಗಿ, ನಿಮ್ಮ ಹತ್ರಾನೂ ಇದೇ ವಾಸನೆ ಬರ್ತಿದ್ಯಲ್ರೇ? ಓರಗಿತ್ತಿ ಒಂದು ಸೆಕೆಂಡೂ ತಡ ಮಾಡದೇ, ಇಡೀ ದಿನ ಹೊತ್ಕೊಂಡು ತಿರುಗಿದೀವಲ್ಲ ಅತ್ತೆ ಅಂದ್ಲು. ಹೂಂ ಅಂತ ಲೇಸು ಎತ್ತಿ ಕಿಟಕಿ ಹತ್ರ ಹಿಡಿದು, ಇದು ಗಿಳಿ ಹಸಿರು ಕಣ್ರೇ, ನಾನು ಹೇಳಿದ್ದು ನವಿಲು ಬಣ್ಣ, ಮುಂದಿನ ಶನಿವಾರ ಹೋಗಿ ಬೇರೆ ತಗೊಂಡ್ ಬನ್ನಿ ಅಂದ್ರು.

ಒಬ್ಬರೇ ಹೋಗೋಕಾಗಲ್ಲ ಅತ್ತೆ, ಇಬ್ರೂ ಹೋಗ್ತೀವಿ ಅಂದೆ.