ಎಡೆಗೆ ಇಟ್ಟ ಎಳನೀರು

ಮಹಾಲಯ ಅಮಾವಾಸ್ಯೆಗೆ ಇನ್ನು ನಾಲ್ಕು ದಿನ ಇತ್ತು. ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿ. ಜಗಲಿ ಮೇಲೆ ನಾನು, ಕ್ಷೇತ್ರಕಾರ್ಯಕ್ಕೆ ಬಂದ ನನ್ನ ಇಬ್ಬರು ಸಮಾಜಕಾರ್ಯದ (ಎಂ.ಎಸ್.ಡಬ್ಲ್ಯೂ.) ವಿದ್ಯಾರ್ಥಿಗಳು ಕೂತಿದ್ದೆವು. ಮನೆಯಾಕೆ ಅಕ್ಕಿ ಆರಿಸುತ್ತಿದ್ದರು. ಮೊರದಿಂದ ತಲೆ ಎತ್ತದೆ ಕೇಳಿದರು: "ಕುಡಿದು ಕುಡಿದೇ ಸತ್ತೋರ ಎಡೆಗೂ ಬಾಟ್ಲಿ ಮಡಗಲೇಬೇಕಾ ಮೇಡಂ?"

ಹಳೇ ಮೈಸೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಷದ ಹಬ್ಬದಲ್ಲಿ ಸತ್ತ ಹಿರಿಯರಿಗೆ ಏನೇನು ಇಷ್ಟವೋ ಅದನ್ನೆಲ್ಲ ಎಡೆಗೆ ಇಡುತ್ತಾರೆ. ಬಾಳೆಲೆ ಮೇಲೆ ವಡೆ, ಕಜ್ಜಾಯ, ಬಾಡಿನ ಸಾರು. ಪಕ್ಕದಲ್ಲಿ ಹೊಸ ಪಂಚೆ. ಸೇದುತ್ತಿದ್ದವರಿಗೆ ಬೀಡಿ ಕಟ್ಟು, ಕುಡಿಯುತ್ತಿದ್ದವರಿಗೆ ಬ್ರಾಂದಿ. ಧೂಪ ಹಾಕಿ, ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ, ಹಿರಿಯರು ಬಂದು ಉಂಡು ಹೋದರು ಅಂದಮೇಲೆ ಮನೆಯವರು ಹಂಚಿಕೊಳ್ಳುತ್ತಾರೆ. ಬಾಟಲಿಯನ್ನೂ ಸೇರಿಸಿ. ಹಿಂದಿನ ವರ್ಷ ಅದರಲ್ಲಿ ಉಳಿದದ್ದನ್ನು ಆಕೆಯ ಹದಿನಾರು ವರ್ಷದ ಮಗ ಕುಡಿದಿದ್ದ. ಯಾರೂ ಬೈದಿರಲಿಲ್ಲ. ಅಪ್ಪನ ಪ್ರಸಾದ ಅಲ್ವಾ?

ನನ್ನ ವಿದ್ಯಾರ್ಥಿ ತಡೆಯಲಾರದೆ ಹೇಳಿಬಿಟ್ಟ: "ಅದೆಲ್ಲ ಮೂಢನಂಬಿಕೆ ಅಮ್ಮ. ಇಡಬೇಡಿ."

ಆಕೆ ಏನೂ ಅನ್ನಲಿಲ್ಲ. ಮತ್ತೆ ಕಲ್ಲು ಹೆಕ್ಕತೊಡಗಿದರು.

ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಪಾಠ ಹೇಳಲು ಶುರು ಮಾಡಿದ ಹೊಸದರಲ್ಲಿ ನಾನೂ ಹೀಗೇ ಇದ್ದೆ. ಒಂದೂರಿನಲ್ಲಿ ಕುಡಿತದ ಮೇಲೆ ಬೀದಿ ನಾಟಕ ಆಡಿಸಿದ್ದೆ. ಕುಡುಕನ ಪಾತ್ರ ತೂರಾಡುತ್ತ ಬಂದಾಗ ಜನ ನಕ್ಕರು. ನಕ್ಕು, ಮುಂದೆ ಕೂತಿದ್ದ ಒಬ್ಬ ಪುಟ್ಟ ಹುಡುಗಿಯ ಕಡೆ ತಿರುಗಿ ನೋಡಿದರು. ಅವಳು ಎದ್ದು ಮನೆಗೆ ಓಡಿದಳು. ಅವಳ ಅಪ್ಪ ಯಾರು ಅಂತ ಇಡೀ ಊರಿಗೆ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಆ ನಾಟಕವನ್ನು ನಾನು ಮತ್ತೆ ಆಡಿಸಲಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ಅರ್ಧ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಸಾರಾಯಿ ಪ್ಯಾಕೆಟ್ ಹೋಯಿತು. 90 ಎಂ.ಎಲ್. ಟೆಟ್ರಾ ಪ್ಯಾಕಿನ ಅಗ್ಗದ ವಿಸ್ಕಿ ಅದೇ ಜೇಬಿಗೆ ಬಂತು.

ಊರಿನ ಆಚಾರವನ್ನು ಬರೀ ಹೊಗಳುವುದೂ ತಪ್ಪೇ. ಯಾರ ಮಾತೂ ಕೇಳದವರು ಅಯ್ಯಪ್ಪನ ಮಾಲೆ ಹಾಕಿದರೆ 41 ದಿನ ಹೆಂಡ ಮುಟ್ಟುವುದಿಲ್ಲ. ಇದನ್ನು ಎಷ್ಟೋ ವರ್ಷ ತರಗತಿಯಲ್ಲಿ ಖುಷಿಯಿಂದ ಹೇಳುತ್ತಿದ್ದೆ. ಆಮೇಲೆ ಬೆಳಿಗ್ಗೆಯಿಂದಲೇ ಕುಡಿಯುತ್ತಿದ್ದ ಒಬ್ಬರು ಮಾಲೆ ಹಾಕಿದ ಎರಡನೇ ದಿನವೇ ಫಿಟ್ಸ್ ಬಂದು ಬಿದ್ದರು. ಸ್ವಾಮಿಯ ಕೋಪ ಅಂತ ಮನೆಯವರು ನಡುಗಿದರು. ಕೋಪ ಅಲ್ಲ. ದಿನಾ ಜಾಸ್ತಿ ಕುಡಿದು ಪಳಗಿದ ಮೈ, ಒಮ್ಮೆಲೇ ನಿಲ್ಲಿಸಿದರೆ ತಡೆಯುವುದಿಲ್ಲ. ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಬುದ್ಧಿ ಭ್ರಮೆಯಾಗಬಹುದು, ಜೀವವೂ ಹೋಗಬಹುದು. ಅಂದಿನಿಂದ ನವೆಂಬರ್‌ಗೆ ಮುಂಚೆಯೇ ಮಾಲೆ ಹಾಕಿಸುವ ಗುರುಸ್ವಾಮಿಗಳನ್ನು ಕಂಡು ಬರುತ್ತೇವೆ. "ಮಾಲೆ ಹಾಕೋಕೆ ಮುಂಚೆ ಡಾಕ್ಟರ್‌ಗೆ ತೋರಿಸ್ಕೊಂಡು ಬಾ" ಅಂತ ಅವರು ಹೇಳಿದರೆ ಜನ ಹೋಗುತ್ತಾರೆ. ನಾನು ಹೇಳಿದರೆ ಹೋಗುವುದಿಲ್ಲ.

ಅವತ್ತು ಜಗಲಿಯಲ್ಲಿ ನನಗೂ ಉತ್ತರ ಗೊತ್ತಿರಲಿಲ್ಲ. ಸುಮ್ನೆ ಕೇಳಿದೆ: "ನಿಮ್ಮ ಯಜಮಾನರಿಗೆ ಇನ್ನೇನು ಇಷ್ಟ ಇತ್ತು?"

ಆಕೆ ಯೋಚಿಸುತ್ತಲೇ ಇದ್ದರು. ಒಳಗಿನಿಂದ ಅವರ ಅತ್ತೆಯ ದನಿ ಬಂತು. "ಎಳನೀರು." ಅಜ್ಜಿ ಹೊಸಿಲು ಹಿಡಿದುಕೊಂಡು ಬಂದು ನಿಂತರು. "ಮದ್ವೆಗೆ ಮುಂಚೆ ತಾನೇ ಮರ ಹತ್ತಿ ಕಿತ್ತು ಕುಡಿಯೋನು. ಓಣಿ ಮಕ್ಕಳಿಗೆಲ್ಲ ಕೆತ್ತಿ ಕೊಡೋನು. ನನ್ ಮಗ ಹುಟ್ತಾನೇ ಬಾಟ್ಲಿ ಹಿಡ್ಕಂಡು ಬಂದಿದ್ನಾ?"

ಅತ್ತೆ ಸೊಸೆ ಇಬ್ಬರೂ ಕಣ್ಣೊರೆಸಿಕೊಂಡರು. ಆಮೇಲೆ ಒಂದು ಗಂಟೆ ಅವರ ಬಗ್ಗೆಯೇ ಮಾತು. ಎತ್ತು ಪಳಗಿಸುತ್ತಿದ್ದದ್ದು, ಹೆಂಡತಿಗೆ ಸೈಕಲ್ ಕಲಿಸಲು ಹೋಗಿ ಇಬ್ಬರೂ ಗದ್ದೆಗೆ ಬಿದ್ದದ್ದು. ಆ ಮನೆಗೆ ನಾನು ಎಷ್ಟೋ ಸಲ ಹೋಗಿದ್ದೆ. ಅವರು ಎಷ್ಟು ಕುಡಿಯುತ್ತಿದ್ದರು ಅಂತ ಕೇಳಿದ್ದೆ, ಯಾವಾಗಿನಿಂದ ಅಂತ ಕೇಳಿದ್ದೆ. ಇದನ್ನು ಕೇಳಿರಲಿಲ್ಲ. ನನ್ನ ವಿದ್ಯಾರ್ಥಿ ಪುಸ್ತಕ ಮುಚ್ಚಿಟ್ಟು, ಮೊರ ಎಳೆದುಕೊಂಡು ಅಕ್ಕಿ ಆರಿಸುತ್ತಿದ್ದ.

ಹಬ್ಬದ ದಿನ ನಮಗೂ ಊಟಕ್ಕೆ ಹೇಳಿದ್ದರು. ಎಡೆಯಲ್ಲಿ ಎರಡು ಎಳನೀರು ಇದ್ದವು. ಬಾಟಲಿ ಇರಲಿಲ್ಲ. ಆದರೆ ಹುಡುಗನ ಚಿಕ್ಕಪ್ಪ ಬಂದು, ಮೂಲೆಯಲ್ಲಿ ಒಂದು ಟೆಟ್ರಾ ಪ್ಯಾಕ್ ಇಟ್ಟು ಕೈ ಮುಗಿದರು. ಅಣ್ಣನಿಗೆ ಅಂತ ತಂದದ್ದು. ಅಜ್ಜಿ ನೋಡಿದರು, ತೆಗೆ ಅನ್ನಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಧೂಪ ಆದಮೇಲೆ ಚಿಕ್ಕಪ್ಪ ಅದನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದರು. ಹೋಗುತ್ತ ಹುಡುಗನನ್ನು ಕರೆದರು. ಅವನು ಮಚ್ಚು ಹಿಡಿದು ಎಳನೀರು ಕೆತ್ತುತ್ತಿದ್ದ. "ಆಮೇಲೆ ಚಿಕ್ಕಪ್ಪ" ಅಂದ. ಮೊದಲು ಅಜ್ಜಿಗೆ ಕೊಟ್ಟ, ಆಮೇಲೆ ಅಮ್ಮನಿಗೆ. ಅಮ್ಮ ಅರ್ಧ ಕುಡಿದು, ಉಳಿದದ್ದನ್ನು ಅವನ ಕೈಗೇ ಇಟ್ಟರು.