ಅಲ್ಲಿ ಮಳೆ ಉಂಟಾ?

ಭೂಮಿಯಂಥ ಇನ್ನೊಂದು ಗ್ರಹ ಸಿಕ್ಕಿತು ಅಂತ ಪೇಪರಿನಲ್ಲಿ ಬಂದಾಗಲೆಲ್ಲ ಬದಿಯಡ್ಕ, ಪೆರ್ಲದ ಕಡೆ ಯಾರಾದರೂ ನನ್ನನ್ನು ನಿಲ್ಲಿಸಿ ಕೇಳುತ್ತಾರೆ: ಅಲ್ಲಿ ಹೇಗಿರುತ್ತದೆ ಮಾರಾಯ್ರೆ, ಮಳೆ ಉಂಟಾ? ಅಡಿಕೆ ಬೆಳೆಯುವವರು ಕೇಳಬೇಕಾದ ಪ್ರಶ್ನೆಯೇ. ಆದರೆ ಮಳೆಗಿಂತ ಮೊದಲು ಗಾಳಿ ಉಂಟಾ ಅಂತ ಕೇಳಬೇಕು.

ತೀರಾ ಹತ್ತಿರದ್ದನ್ನೇ ನೋಡೋಣ. ಪ್ರಾಕ್ಸಿಮಾ ಸೆಂಟಾರಿ ಬಿ, 2016ರಲ್ಲಿ ಸಿಕ್ಕಿದ್ದು, ದೂರ 4.2 ಜ್ಯೋತಿರ್ವರ್ಷ. ಅದರ ಸೂರ್ಯ ಪ್ರಾಕ್ಸಿಮಾ ಒಂದು ಮಂದ ಕೆಂಪು ನಕ್ಷತ್ರ, ಬರಿಗಣ್ಣಿಗೆ ಕಾಣುವುದೇ ಇಲ್ಲ. ಮೇ ತಿಂಗಳ ರಾತ್ರಿ ಬೇಕಲದ ಕಡಲ ಬದಿಯಲ್ಲಿ ನಿಂತರೆ ತೆಂಕು ದಿಕ್ಕಿನಲ್ಲಿ ಕೆಳಗೆ ಆಲ್ಫಾ ಸೆಂಟಾರಿ ಹೊಳೆಯುತ್ತದಲ್ವಾ, ಅದರ ಹತ್ತಿರವೇ ಇದೆ. ಗ್ರಹಕ್ಕೆ ಆ ನಕ್ಷತ್ರವನ್ನು ಒಂದು ಸುತ್ತು ಬರಲು 11 ದಿನ ಸಾಕು. ಇಷ್ಟು ಹತ್ತಿರ ಇರುವುದರಿಂದ, ಚಂದ್ರ ನಮಗೆ ಒಂದೇ ಮುಖ ತೋರಿಸುವ ಹಾಗೆ, ಅದೂ ನಕ್ಷತ್ರಕ್ಕೆ ಒಂದೇ ಮುಖ ಒಡ್ಡಿಕೊಂಡಿರುವ ಸಾಧ್ಯತೆ ಜಾಸ್ತಿ. ಹಾಗಿದ್ದರೆ ಒಂದು ಬದಿ ಯಾವಾಗಲೂ ಹಗಲು, ಇನ್ನೊಂದು ಬದಿ ಯಾವಾಗಲೂ ರಾತ್ರಿ. ನಮ್ಮ ಸೂರ್ಯನ ಮೂರು ಪಟ್ಟು ಅಗಲದ ಬಿಂಬ ಆಕಾಶದಲ್ಲಿ ಕದಲದೆ ನಿಂತಿರುತ್ತದೆ. ಮುಳುಗುವುದಿಲ್ಲ.

ಗಾಳಿ ಇಲ್ಲದಿದ್ದರೆ ಕಥೆ ಅಲ್ಲಿಗೇ ಮುಗಿಯಿತು: ಈಚೆ ಸುಡುವ ಬಂಡೆ, ಆಚೆ ಕೊರೆಯುವ ಚಳಿ. ಗಾಳಿ ಇದ್ದರೆ ಮಾತ್ರ ಬೇರೆಯೇ. ನಡುಹಗಲಿನ ಜಾಗದಲ್ಲಿ ಕಾದ ಗಾಳಿ ಮೇಲೇಳುತ್ತದೆ, ತಂಪು ಗಾಳಿ ಸುತ್ತಲಿಂದ ನೆಲದ ಮೇಲೆಯೇ ಅಲ್ಲಿಗೆ ನುಗ್ಗುತ್ತದೆ. ಜೂನಿನಲ್ಲಿ ನೆಲ ಕಾದು ಕಡಲ ಗಾಳಿ ನಮ್ಮ ಕಡೆ ಬರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ, ಆದರೆ ನಮ್ಮಲ್ಲಿ ಋತು ಬದಲಾಗಿ ಆ ಗಾಳಿ ತಿರುಗುತ್ತದೆ, ಅಲ್ಲಿ ತಿರುಗಲು ಕಾರಣವೇ ಇಲ್ಲ. ಕಡಲೂ ಇದ್ದರೆ ಸರಿಯಾಗಿ ನೆತ್ತಿಯ ಮೇಲೆ ಸೂರ್ಯ ನಿಂತ ಜಾಗದಲ್ಲೇ ದಟ್ಟ ಮೋಡ, ಬಿಡದ ಮಳೆ. ಕಂಪ್ಯೂಟರ್ ಲೆಕ್ಕಗಳಲ್ಲೂ ಇಂಥ ಮೋಡವೇ ಕಾಣುತ್ತದೆ. ಮುಳುಗದ ಸೂರ್ಯ ಇದ್ದೂ ಅಲ್ಲಿನವರಿಗೆ ಅದು ಕಾಣಲಿಕ್ಕಿಲ್ಲ! ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಗಾಳಿ ಉಳಿದಿರಬೇಕಲ್ಲ. ಪ್ರಾಕ್ಸಿಮಾ ಆಗಾಗ ಸಿಡಿಯುವ ನಕ್ಷತ್ರ. ಆ ಸಿಡಿತದ ಕಿರಣಗಳು, ಕಣಗಳು ಗ್ರಹದ ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ಕಿತ್ತುಕೊಂಡು ಹೋಗಬಲ್ಲವು. ಇಂಥದೇ ಮಂದ ಕೆಂಪು ನಕ್ಷತ್ರವನ್ನು ಸುತ್ತುವ, ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1 ಬಿ ಎಂಬ ಗ್ರಹ ತನ್ನ ನಕ್ಷತ್ರದ ಹಿಂದೆ ಮರೆಯಾದಾಗ ಶಾಖ ಎಷ್ಟು ಇಳಿಯಿತು ಅಂತ ಜೇಮ್ಸ್ ವೆಬ್ ದೂರದರ್ಶಕದಿಂದ ಅಳೆದರು. ಹಗಲಿನ ಬದಿ ಸುಮಾರು 230 ಡಿಗ್ರಿ ಸೆಲ್ಸಿಯಸ್, ಶಾಖ ಹಂಚುವಷ್ಟು ಗಾಳಿಯ ಸುಳಿವಿಲ್ಲ ಅಂತ 2023ರಲ್ಲಿ ಗೊತ್ತಾಯಿತು.

ಪ್ರಾಕ್ಸಿಮಾ ಬಿ ಹಾಗೆ ಮರೆಯಾಗುವುದು ನಾವಿರುವ ಕಡೆಯಿಂದ ಕಾಣುವುದಿಲ್ಲ. ಅದರ ಬೆಳಕನ್ನೇ ಬೇರೆ ಮಾಡಿ ಹಿಡಿಯಬೇಕು, ಅದಕ್ಕೆ ಭಾರೀ ಕನ್ನಡಿಯ ದೂರದರ್ಶಕ ಬೇಕು. ಚಿಲಿಯಲ್ಲಿ 39 ಮೀಟರ್ ಅಗಲದ ಕನ್ನಡಿಯದ್ದನ್ನು ಕಟ್ಟುತ್ತಿದ್ದಾರೆ. ನಾನು ಕಾಯುತ್ತಿರುವುದು ಅದಕ್ಕೇ.